ಸಿಸ್ಟಂ ತಗೋತಿಲ್ಲ ಸಾರ್

ಕಣ್ಣಿಗೆ ಕಾಣುವುದೆಲ್ಲ ಮಿಥ್ಯೆ ಎಂದು ಶಂಕರಾಚಾರ್ಯರು ಸಾರಿದಾಗ ಯಾವ ವ್ಯಾಪಾರಿಯೂ ಅಂಗಡಿಗೆ ಬಾಗಿಲು ಹಾಕಲಿಲ್ಲ. ಅದೇ ಮಾತನ್ನು ಕಂಪ್ಯೂಟರ್ ಹೇಳಿದ ಮೇಲೆ ಎಲ್ಲರೂ ಕೈಮುಗಿದು ಒಪ್ಪಿಕೊಂಡುಬಿಟ್ಟರು. ಅನುಮಾನವಿದ್ದರೆ ಯಾವುದಾದರೂ ದೊಡ್ಡ ಸರಣಿ ಮಳಿಗೆಗೆ ಹೋಗಿ ಕುಕ್ಕರಿನ ಗ್ಯಾಸ್ಕೆಟ್ ಕೇಳಿ ನೋಡಿ. ಕೌಂಟರಿನ ಹುಡುಗ ಕೀಲಿಮಣೆಯನ್ನು ನಾಲ್ಕು ಸಲ ಕುಟ್ಟಿ, “ಸ್ಟಾಕ್ ಜೀರೋ ತೋರಿಸ್ತಿದೆ ಸಾರ್” ಎನ್ನುತ್ತಾನೆ. ಅವನ ತಲೆಯ ಹಿಂದಿನ ಮೊಳೆಯಲ್ಲಿ ಗ್ಯಾಸ್ಕೆಟ್ಟುಗಳ ಗೊಂಚಲೇ ನೇತಾಡುತ್ತಿರುತ್ತದೆ.

“ಅಲ್ಲೇ ಇದೆಯಲ್ಲಪ್ಪ.”

“ಅದು ಬೆಳಗ್ಗೆ ಬಂದಿದ್ದು ಸಾರ್. ಇನ್ವರ್ಡ್ ಎಂಟ್ರಿ ಆಗಿಲ್ಲ. ಬಿಲ್ ಹೊಡೆಯೋಕೆ ಸಿಸ್ಟಂ ತಗೋತಿಲ್ಲ.”

“ಎಂಟ್ರಿ ಮಾಡೋರು ಯಾವಾಗ ಬರ್ತಾರೆ?”

“ಬಂದ್ರೂ ಆಗಲ್ಲ ಸಾರ್. ಆರ್ಡರ್ ಹಾಕಿದ್ದು ಹನ್ನೆರಡು, ಬಂದಿರೋದು ಹದಿಮೂರು. ಟ್ಯಾಲಿ ಆಗ್ತಿಲ್ಲ.”

ಒಂದು ಹೆಚ್ಚಿಗೆ ಬಂದಿದೆ, ಆದ್ದರಿಂದ ಹದಿಮೂರೂ ಇಲ್ಲ. ಇಂಥ ತರ್ಕ ಕಟ್ಟಲು ಹಿಂದಿನವರು ಕಾಶಿಗೆ ಹೋಗಿ ಹನ್ನೆರಡು ವರ್ಷ ನ್ಯಾಯಶಾಸ್ತ್ರ ಓದಬೇಕಿತ್ತು.

ಕನ್ಸಲ್ಟೆಂಟರ ಬಾಯಲ್ಲಿ ಈ ಸ್ಥಿತಿಗೆ ‘ಎಂಡ್ ಟು ಎಂಡ್ ವಿಸಿಬಿಲಿಟಿ’ ಎಂದು ಹೆಸರು. ಆ ತುದಿಯಿಂದ ಈ ತುದಿಯವರೆಗೆ ಸಮಸ್ತವೂ ಕಾಣುತ್ತದೆ, ತಲೆಯ ಹಿಂದಿನ ಮೊಳೆಯೊಂದನ್ನು ಬಿಟ್ಟು. ಇವರು ಮೂವತ್ತು ವರ್ಷಗಳಿಂದ ಕಂಪನಿಯಿಂದ ಕಂಪನಿಗೆ ಲ್ಯಾಪ್‌ಟಾಪ್ ಹೊತ್ತು ತಿರುಗಿ ಮಾರುತ್ತಿರುವ ಸರಕು ಒಂದೇ: ಸಪ್ಲೈ ಚೈನ್ ಫ್ಲೆಕ್ಸಿಬಿಲಿಟಿ. ಬೇಡಿಕೆ ಏರಿದರೆ ಏರಬೇಕು, ಇಳಿದರೆ ಇಳಿಯಬೇಕು. ಒಂದು ದಾರಿ ಕಟ್ಟಾದರೆ ಇನ್ನೊಂದು ದಾರಿ ಹಿಡಿಯಬೇಕು. ಒಬ್ಬ ಕೈಕೊಟ್ಟರೆ ಇನ್ನೊಬ್ಬನಿಂದ ತರಿಸಬೇಕು. ಆಸೆ ನ್ಯಾಯವಾದದ್ದೇ. ಅವರ ಸ್ಲೈಡಿನಲ್ಲಿ ಇದೆಲ್ಲ ನೀಲಿ ಬಾಣಗಳಾಗಿ ಬಳುಕುತ್ತಾ ಹರಿಯುತ್ತದೆ. ಇಡೀ ಏರ್ಪಾಡಿನಲ್ಲಿ ಬಳುಕದೆ ನಿಲ್ಲುವ ವಸ್ತುಗಳು ಎರಡೇ: ತಂತ್ರಾಂಶ, ಮತ್ತು ಅದರ ಇನ್‌ವಾಯ್ಸು.

ಗ್ಯಾಸ್ಕೆಟ್ಟಿನ ಕಥೆ ಸಣ್ಣದಾಯಿತು ಎನ್ನುವವರಿಗೆ ಚಾಕೊಲೇಟಿನ ಕಥೆ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿ ಕಂಪನಿಗೆ ಹ್ಯಾಲೋವೀನ್ ಎಂದರೆ ನಮ್ಮ ಪಟಾಕಿ ಅಂಗಡಿಗೆ ದೀಪಾವಳಿ ಇದ್ದ ಹಾಗೆ. ವರ್ಷದ ದುಡಿಮೆಯ ದೊಡ್ಡ ಪಾಲು ಆ ಕೆಲವು ವಾರಗಳಲ್ಲಿ. 1999ರಲ್ಲಿ ಕಂಪನಿ 11.2 ಕೋಟಿ ಡಾಲರ್ ಸುರಿದು ಎಸ್‌ಎಪಿ, ಮ್ಯಾನ್ಯುಜಿಸ್ಟಿಕ್ಸ್, ಸೀಬೆಲ್ ಎಂಬ ಮೂರು ಕಂಪನಿಗಳ ತಂತ್ರಾಂಶಗಳನ್ನು ಒಂದೇ ಏಟಿಗೆ ಚಾಲೂ ಮಾಡಿತು. ನಾಲ್ಕು ವರ್ಷ ಹಿಡಿಯುತ್ತದೆ ಎಂದಿದ್ದ ಕೆಲಸವನ್ನು 30 ತಿಂಗಳಿಗೆ ಇಳಿಸಿದ್ದರು. 2000ನೇ ಇಸವಿ ಹುಟ್ಟುತ್ತಲೇ ಜಗತ್ತಿನ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ಭಯ ಆಗ. ತಾನಾಗಿ ಕೆಡುವವರೆಗೆ ಕಾಯುವುದೇಕೆಂದು ಇವರು ಮೊದಲೇ ಏರ್ಪಾಡು ಮಾಡಿಕೊಂಡರು. ಜುಲೈ ತಿಂಗಳಲ್ಲಿ ಸಿಸ್ಟಂ ಶುರುವಾಯಿತು, ಹಬ್ಬದ ಆರ್ಡರುಗಳು ಬಂದವು, ಹತ್ತು ಕೋಟಿ ಡಾಲರಿನಷ್ಟು ಮಾಲು ಅಂಗಡಿಗಳಿಗೆ ಹೋಗದೆ ಉಳಿಯಿತು. ಆ ತ್ರೈಮಾಸಿಕದ ಲಾಭ ಶೇಕಡಾ 19ರಷ್ಟು ಕುಸಿಯಿತು.

ಚಾಕೊಲೇಟ್ ಇರಲಿಲ್ಲವೇ? ರಾಶಿ ರಾಶಿ ಇತ್ತು. ಹಬ್ಬಕ್ಕೆ ಮುಂಚೆ ಕಾರ್ಖಾನೆಯ ಖಾಲಿ ಕೋಣೆಗಳಲ್ಲಿ, ಸಿಕ್ಕ ಮೂಲೆಗಳಲ್ಲಿ ಪೆಟ್ಟಿಗೆ ಪೇರಿಸಿಡುವುದು ಅಲ್ಲಿಯ ಹಳೆಯ ವಾಡಿಕೆ. ಯಾವ ಕೋಣೆಯಲ್ಲಿ ಏನಿದೆ ಎಂಬುದು ಅಲ್ಲಿಯ ಕೆಲಸಗಾರರಿಗೆ ಗೊತ್ತು. ಹೊಸ ಸಿಸ್ಟಮ್ಮಿಗೆ ಆ ಕೋಣೆಗಳ ಪರಿಚಯವನ್ನೇ ಯಾರೂ ಮಾಡಿಸಿರಲಿಲ್ಲ. ಹಾಗಾಗಿ ಚಾಕೊಲೇಟ್ ಇತ್ತು, ಮತ್ತು ಇರಲಿಲ್ಲ.

ಈಗ ಕಂಪ್ಯೂಟರಿನ ಪರವಾಗಿ ಎರಡು ಮಾತು. ಸುಮ್ಮನೆ ಬೈದರೆ ಹಳೆಗಾಲದ ಮುದುಕ ಎನ್ನುತ್ತಾರೆ, ಅದೂ ನಿಜವೇ ಇರಬಹುದು. ಎಂಐಟಿಯ ಜೇ ಫಾರೆಸ್ಟರ್ 1961ರಲ್ಲೇ ಒಂದು ವಿಚಿತ್ರವನ್ನು ತೋರಿಸಿಕೊಟ್ಟಿದ್ದರು. ಗಿರಾಕಿಯ ಬೇಡಿಕೆ ಒಂದಿಷ್ಟು ಅಲುಗಿದರೆ ಅಂಗಡಿಯವನು ಇನ್ನಷ್ಟು ಅಲುಗುತ್ತಾನೆ, ಸಗಟು ವ್ಯಾಪಾರಿ ಕುಣಿಯುತ್ತಾನೆ, ಕಾರ್ಖಾನೆ ಮೈಮೇಲೆ ದೇವರು ಬಂದಂತೆ ಆಡುತ್ತದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ತನ್ನ ಪ್ಯಾಂಪರ್ಸ್ ಡೈಪರಿನ ಲೆಕ್ಕದಲ್ಲಿ ಇದನ್ನೇ ಕಂಡಿತು. ಕೂಸುಗಳು ಊರೆಲ್ಲ ಸೇರಿ ದಿನಕ್ಕೆ ಇಷ್ಟು ಎಂದು ಬಹಳ ಶಿಸ್ತಿನಿಂದ ಉಚ್ಚೆ ಹೊಯ್ಯುತ್ತವೆ. ಆ ವಿಷಯದಲ್ಲಿ ಅವುಗಳಷ್ಟು ನಂಬಿಕಸ್ಥ ಗಿರಾಕಿಗಳು ಬೇರೆ ಇಲ್ಲ. ಆದರೂ ವಿತರಕರ ಆರ್ಡರು ಒಂದು ವಾರ ಬೆಟ್ಟ, ಇನ್ನೊಂದು ವಾರ ಹಳ್ಳ. ನಡುವೆ ಕೂತ ದೊಡ್ಡವರ ಊಹೆ, ಭಯ, ರಿಯಾಯಿತಿಯ ಆಸೆಗಳೇ ಕಾರಣ. ಅಂಗಡಿಯ ಗಲ್ಲಾದಲ್ಲಿ ನಿಜಕ್ಕೂ ಎಷ್ಟು ಮಾರಾಟವಾಯಿತು ಎಂಬುದು ಆ ಕ್ಷಣವೇ ಕಾರ್ಖಾನೆಗೆ ತಿಳಿದರೆ ಈ ಕುಣಿತ ಬಹುಪಾಲು ನಿಲ್ಲುತ್ತದೆ. ಕಂಪ್ಯೂಟರು ಅದನ್ನು ತಿಳಿಸಬಲ್ಲದು, ಅನೇಕ ಕಡೆ ತಿಳಿಸಿದೆ ಕೂಡ. ಒಪ್ಪಿದೆ.

ಆದರೆ ಕುಣಿತವೂ ಅಷ್ಟೇ ವೇಗವಾಗಿ ತಿಳಿಯುತ್ತದಲ್ಲ. ಸಿಸ್ಕೊ ಕಂಪನಿ ತನ್ನ ಜಮಾಖರ್ಚಿನ ಪುಸ್ತಕವನ್ನು ಒಂದೇ ದಿನದಲ್ಲಿ ಮುಗಿಸಿ ತೋರಿಸಬಲ್ಲೆ ಎಂದು ಲೋಕಕ್ಕೆಲ್ಲ ಡಂಗುರ ಹೊಡೆಯುತ್ತಿತ್ತು. ಮಾಲಿನ ಕೊರತೆ ಎಂದು ಹೆದರಿದ ಗಿರಾಕಿಗಳು ಒಂದೇ ಸಾಮಾನಿಗೆ ಎರಡು ಮೂರು ಕಡೆ ಆರ್ಡರ್ ಹಾಕಿದರು. ಸಿಸ್ಟಂ ಅವೆಲ್ಲವನ್ನೂ ನಿಷ್ಠೆಯಿಂದ ಕೂಡಿ ಗುಡ್ಡದಷ್ಟು ಬೇಡಿಕೆ ತೋರಿಸಿತು. 2001ರ ಮೇ ತಿಂಗಳಲ್ಲಿ ಕಂಪನಿ 200 ಕೋಟಿ ಡಾಲರಿಗೂ ಮಿಕ್ಕ ದಾಸ್ತಾನನ್ನು ಕೆಲಸಕ್ಕೆ ಬಾರದ್ದೆಂದು ಲೆಕ್ಕದಿಂದ ಹೊಡೆದುಹಾಕಿತು. ಹೊಡೆದುಹಾಕಿದ ಲೆಕ್ಕ ಮಾತ್ರ ಬಹಳ ಬೇಗ ಸಿದ್ಧವಾಗಿರಬೇಕು.

ನನ್ನ ಮೆಚ್ಚಿನ ಕಥೆ ಕೆನಡಾದ್ದು. ಅಮೆರಿಕದ ಟಾರ್ಗೆಟ್ ಕಂಪನಿ 2013ರ ಮಾರ್ಚ್‌ನಲ್ಲಿ ಅಲ್ಲಿ ಅಂಗಡಿ ತೆರೆಯಿತು. ಎರಡು ವರ್ಷ ತುಂಬುವ ಮೊದಲೇ, 2015ರ ಜನವರಿಯಲ್ಲಿ, 133 ಅಂಗಡಿಗಳನ್ನೂ ಮುಚ್ಚುವುದಾಗಿ ಹೇಳಿತು. ಸುಮಾರು 17,600 ಜನ ಮನೆಗೆ ಹೋದರು. ಕಾರಣಗಳು ಹಲವಿದ್ದವು, ಆದರೆ ಹೊಚ್ಚಹೊಸ ತಂತ್ರಾಂಶಕ್ಕೆ ಉಣಿಸಿದ ಮಾಹಿತಿಯ ಪಾಲು ದೊಡ್ಡದು. ಸಾವಿರಾರು ಸಾಮಾನುಗಳ ಉದ್ದ, ಅಗಲ, ಎತ್ತರ, ಬೆಲೆ, ಪೆಟ್ಟಿಗೆಗೆ ಎಷ್ಟು ಎಂಬುದನ್ನೆಲ್ಲ ಗಡಿಬಿಡಿಯಲ್ಲಿ ತುಂಬಿಸಿದರು. ಸೆಂಟಿಮೀಟರಿನ ಜಾಗದಲ್ಲಿ ಇಂಚು ಬಿತ್ತು. ಉದ್ದದ ಮನೆಯಲ್ಲಿ ಅಗಲ ಸಂಸಾರ ಹೂಡಿತು. ಅಮೆರಿಕದಲ್ಲಿ ನೂರಕ್ಕೆ ತೊಂಬತ್ತೆಂಟರಷ್ಟು ಸರಿಯಿರುತ್ತಿದ್ದ ಮಾಹಿತಿ ಇಲ್ಲಿ ಮೂವತ್ತರ ಆಸುಪಾಸಿನಲ್ಲಿತ್ತು ಎಂಬುದು ಆಮೇಲೆ ಹೊರಬಿದ್ದ ಅಂದಾಜು. ನೂರಕ್ಕೆ ಮೂವತ್ತು ಬಂದರೆ ನಮ್ಮಲ್ಲಿ ಎಸ್‌ಎಸ್‌ಎಲ್‌ಸಿಯೂ ಪಾಸಾಗುವುದಿಲ್ಲ. ಇದನ್ನು ನಂಬಿ ಲಾರಿಗಳು ಹೊರಟವು. ಗೋದಾಮುಗಳು ಉಬ್ಬಿ ಒಡೆಯುವಷ್ಟು ತುಂಬಿದವು, ಅಂಗಡಿಯ ಕಪಾಟುಗಳು ಭಣಗುಟ್ಟಿದವು, ನಡುವೆ ಜನ ತಳ್ಳುಗಾಡಿ ಹಿಡಿದುಕೊಂಡು ಓಡಾಡಿದರು.

ಇಲ್ಲಿಯವರೆಗಿನದು ಬರೀ ಮೂರ್ಖತನ. ಪ್ರತಿಭೆ ಮುಂದಿದೆ. ಕಪಾಟು ಖಾಲಿಯಾದ ಕೂಡಲೇ ಗೋದಾಮಿನಿಂದ ಸರಕು ತಾನಾಗಿ ಬರಲೆಂದು ಸಿಸ್ಟಮ್ಮಿನಲ್ಲಿ ಒಂದು ಸ್ವಿಚ್ಚು ಇತ್ತು. ಈ ಸ್ವಿಚ್ಚು ಹಾಕಿದ ಸಾಮಾನು ಅಂಗಡಿಯಲ್ಲಿ ಇಲ್ಲದಿದ್ದರೆ ‘ಖಾಲಿ’ ಎಂದು ವರದಿಯಲ್ಲಿ ಕೆಂಪಗೆ ಕಾಣುತ್ತದೆ, ಮೇಲಿನವರು ಬೈಯುತ್ತಾರೆ. ಸ್ವಿಚ್ಚು ಆರಿಸಿದರೆ? ಸಾಮಾನು ಲೆಕ್ಕದಲ್ಲೇ ಇರುವುದಿಲ್ಲ, ಆದ್ದರಿಂದ ಖಾಲಿಯೂ ಆಗುವುದಿಲ್ಲ. ಕೆಲವರು ಸದ್ದಿಲ್ಲದೆ ಆರಿಸಿಬಿಟ್ಟರು. ಕಪಾಟು ಬರಿದಾದಷ್ಟೂ ವರದಿ ಹಸಿರಾಯಿತು. ಬರಗಾಲವನ್ನು ಹೋಗಲಾಡಿಸಲು ಮಳೆಮಾಪನ ಕಿತ್ತುಹಾಕಿದ ಈ ಮಹನೀಯರನ್ನು ಕರೆತಂದು ನಮ್ಮ ಯಾವುದಾದರೂ ಇಲಾಖೆಯಲ್ಲಿ ಕೂರಿಸಬಹುದಿತ್ತು. ಇಲ್ಲಿಯವರು ಅವರಿಗೆ ಇನ್ನೂ ಒಂದೆರಡು ವಿದ್ಯೆ ಕಲಿಸುತ್ತಿದ್ದರು ಎನ್ನುವುದು ಬೇರೆ ಮಾತು.

ಗಮನಿಸಬೇಕಾದ್ದೆಂದರೆ, ಆ ಕಂಪನಿಯಲ್ಲಿ ಬಾಗುವ ಗುಣಕ್ಕೆ ಕೊರತೆ ಇರಲಿಲ್ಲ. ಅಂಕಿ ಬಾಗಿತು, ವರದಿ ಬಾಗಿತು, ನೌಕರನ ಬೆನ್ನು ಬಾಗಿತು. ಲಾರಿ ಮಾತ್ರ ನೆಟ್ಟಗೆ ತಪ್ಪು ಗೋದಾಮಿಗೆ ಹೋಯಿತು.

ದಾಸ್ತಾನು ಪಾಪ ಎಂಬ ಧರ್ಮ ಹುಟ್ಟಿದ್ದು ಜಪಾನಿನಲ್ಲಿ. ಬೇಕಾದ್ದು, ಬೇಕಾದಾಗ, ಬೇಕಾದಷ್ಟೇ ಎಂಬುದು ಟೊಯೊಟಾದ ತೈಇಚಿ ಓನೊ ಹಾಕಿಕೊಟ್ಟ ದಾರಿ. ಬಿಡದಿಯ ಕಾರ್ಖಾನೆಯಿಂದಾಗಿ ಈ ಮಂತ್ರ ಕನ್ನಡದವರಿಗೂ ಅಪರಿಚಿತವಲ್ಲ. ಇದರ ಮೂಲ ಯಂತ್ರವೋ, ‘ಕಾನ್‌ಬಾನ್’ ಎಂಬ ಒಂದು ಚೀಟಿ. ಭಾಗ ಖರ್ಚಾದರೆ ಚೀಟಿ ಹಿಂದಕ್ಕೆ ಹೋಗುತ್ತದೆ, ಚೀಟಿ ಹೋದರೆ ಭಾಗ ಬರುತ್ತದೆ. ಪಾಸ್‌ವರ್ಡ್ ಕೇಳುವುದಿಲ್ಲ. ಜಗತ್ತಿನ ಕನ್ಸಲ್ಟೆಂಟರು ಟೊಯೊಟಾಗೆ ಯಾತ್ರೆ ಹೋಗಿ ನೋಡಿಬಂದು, ಮರಳಿದವರೇ ಚೀಟಿಯನ್ನು ಎಸೆದು ಗೋದಾಮನ್ನೂ ಕೆಡವಿ ಎಂದು ಉಪದೇಶಿಸಿದರು. ಮೂರನೆಯದೊಂದು ಅಲ್ಲಿತ್ತು. ಅದು ಫೋಟೊದಲ್ಲಿ ಬೀಳುವಂಥದ್ದಲ್ಲ, ಒಂದು ಬೆಂಕಿಯ ಬೆಳಕಿನಲ್ಲಿ ಕಂಡಿತು.

1997ರ ಫೆಬ್ರವರಿ 1, ಶನಿವಾರ ಬೆಳಗಿನ ಜಾವ ಕಾರಿಯಾ ಊರಿನ ಐಸಿನ್ ಸೇಯ್ಕಿ ಕಾರ್ಖಾನೆಗೆ ಬೆಂಕಿ ಬಿತ್ತು. ಬ್ರೇಕಿನ ಒತ್ತಡವನ್ನು ಹಿಂದಿನ ಚಕ್ರಕ್ಕೆ ಅಳೆದು ಕೊಡುವ ಪಿ-ವಾಲ್ವ್ ಎಂಬ ಭಾಗ ಅಲ್ಲಿ ತಯಾರಾಗುತ್ತಿತ್ತು. ಅಂಗೈಯಲ್ಲಿ ಹಿಡಿಸುವ ವಸ್ತು, ಟೊಯೊಟಾಗೆ ಬೇಕಾದದ್ದರಲ್ಲಿ ಶೇಕಡಾ 99 ಪಾಲು ಇಲ್ಲಿಂದಲೇ. ಪಾಪಭೀರು ಟೊಯೊಟಾ ಬಳಿ ಇದ್ದ ದಾಸ್ತಾನು ಕೆಲವೇ ಗಂಟೆಗಳದ್ದು. ಅದರ ಜಪಾನಿನ ಕಾರ್ಖಾನೆಗಳು ಸಾಲಾಗಿ ನಿಂತವು. ವಾರಗಟ್ಟಲೆ ಏಳುವುದಿಲ್ಲ ಎಂದರು ಪಂಡಿತರು.

ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದೆಂಬ ನಮ್ಮ ಗಾದೆಯನ್ನು ಆ ಜನ ಕೇಳಿರಲಿಲ್ಲ. 200ಕ್ಕೂ ಹೆಚ್ಚು ಕಂಪನಿಗಳು ಸೇರಿ ತೋಡಿಯೇಬಿಟ್ಟವು. ಐಸಿನ್‌ನವರು ವಾಲ್ವಿನ ನಕ್ಷೆಗಳನ್ನು ಕೇಳಿದವರಿಗೆಲ್ಲ ಕೊಟ್ಟರು. ಅವುಗಳನ್ನು ಫ್ಯಾಕ್ಸಿನಲ್ಲಿ ಪಡೆದವರು ತಮ್ಮ ತಮ್ಮ ಲೇತು, ಮಿಲ್ಲಿಂಗ್ ಯಂತ್ರಗಳನ್ನು ಬಿಚ್ಚಿ ಹೊಂದಿಸಿಕೊಂಡರು. ಕಾರಿನ ಭಾಗವನ್ನು ಎಂದೂ ಮಾಡಿರದ ಬ್ರದರ್ ಎಂಬ ಹೊಲಿಗೆ ಯಂತ್ರದ ಕಂಪನಿ ಕೂಡ ಒಂದು ಮಿಲ್ಲಿಂಗ್ ಯಂತ್ರವನ್ನು ಇದಕ್ಕೆಂದು ಮಾರ್ಪಡಿಸಿ ದಿನಕ್ಕೆ ಹತ್ತಾರು ವಾಲ್ವ್ ಕೊರೆದುಕೊಟ್ಟಿತು. ರೇಟು ಎಷ್ಟು ಎಂದು ಯಾರೂ ಮೊದಲು ಕೇಳಲಿಲ್ಲ. ಬೆಂಕಿಯ ನಾಲ್ಕೈದು ದಿನಕ್ಕೇ ಮೊದಲ ವಾಲ್ವುಗಳು ಬಂದವು, ವಾರ ಕಳೆಯುವಷ್ಟರಲ್ಲಿ ಕಾರುಗಳು ಹೊರಬೀಳತೊಡಗಿದವು.

ಈ ಸಾಹಸ ಇವತ್ತು ನಡೆಯಬೇಕು ಅಂದುಕೊಳ್ಳಿ. ಹೊಲಿಗೆ ಯಂತ್ರದ ಕಂಪನಿ ಮೊದಲು ವೆಂಡರ್ ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸಬೇಕು. ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಗೀಟು ಎಳೆದ ಒಂದು ಚೆಕ್ಕು, ಇದೇ ಭಾಗವನ್ನು ಹಿಂದೆ ಐದು ವರ್ಷ ಪೂರೈಸಿದ್ದಕ್ಕೆ ಅನುಭವ ಪತ್ರ. ಕಡತ 2 ಎಂಬಿಗಿಂತ ಕಡಿಮೆ ಇರಬೇಕು, ಪಿಡಿಎಫ್ ಆಗಿರಬೇಕು. ‘ನಿಮ್ಮ ಉದ್ಯಮದ ವರ್ಗ’ ಎಂಬ ಪಟ್ಟಿಯಲ್ಲಿ ಹೊಲಿಗೆ ಯಂತ್ರಕ್ಕೂ ಬ್ರೇಕಿಗೂ ಒಟ್ಟಿಗೆ ಟಿಕ್ ಹಾಕಲು ಬರುವುದಿಲ್ಲ. ಒಟಿಪಿ ಬರುವುದು ಮೂರು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಮ್ಯಾನೇಜರ್ ಮೊಬೈಲಿಗೆ. ವೆಂಡರ್ ಕೋಡ್ ಸಿಗುವ ಹೊತ್ತಿಗೆ ಸುಟ್ಟ ಕಾರ್ಖಾನೆಯೇ ಮತ್ತೆ ಎದ್ದು, ಗೃಹಪ್ರವೇಶದ ಊಟವೂ ಮುಗಿದಿರುತ್ತದೆ.

ಇದು ಅತಿ ಎನ್ನುವವರು ಅದೇ ಟೊಯೊಟಾದ 2023ರ ಆಗಸ್ಟ್ ನೋಡಬೇಕು. ಬೆಂಕಿ ಇಲ್ಲ, ಭೂಕಂಪ ಇಲ್ಲ, ಕಳ್ಳರೂ ಬಂದಿರಲಿಲ್ಲ. 27ನೇ ತಾರೀಕು ಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರುಗಳ ಮಾಮೂಲಿ ರಿಪೇರಿ. ಹಳೆಯ ಮಾಹಿತಿಯನ್ನು ಅಳಿಸಿ ಓರಣ ಮಾಡುತ್ತಿದ್ದಾಗ ಡಿಸ್ಕಿನಲ್ಲಿ ಜಾಗ ಸಾಲದೆ ಸಿಸ್ಟಂ ನಿಂತಿತು. ಮೊದಲನೆಯದು ಬಿದ್ದರೆ ಇರಲೆಂದು ಇಟ್ಟಿದ್ದ ಎರಡನೆಯದೂ ಅದೇ ವ್ಯವಸ್ಥೆಯ ಮೇಲೆ ಓಡುತ್ತಿದ್ದುದರಿಂದ ಅಣ್ಣನ ಹಿಂದೆ ತಮ್ಮನೂ ಹೋದ. 29ರಂದು ಜಪಾನಿನ 14 ಕಾರ್ಖಾನೆಗಳೂ ಬಂದ್. ಜಾಗ ಹೆಚ್ಚಿರುವ ಸರ್ವರಿಗೆ ಮಾಹಿತಿ ವರ್ಗಾಯಿಸಿದ ಮೇಲೆ ಮರುದಿನ ಕೆಲಸ ಶುರು.

ಗೋದಾಮಿನಲ್ಲಿ ಜಾಗ ಉಳಿಸಲು ಹೊರಟ ತತ್ತ್ವ ಡಿಸ್ಕಿನಲ್ಲಿ ಜಾಗವಿಲ್ಲದೆ ಮಕಾಡೆ ಬಿದ್ದದ್ದನ್ನು ನೋಡಲು ಓನೊ ಇರಲಿಲ್ಲ. ಬೆಂಕಿ ಬಿದ್ದಾಗ 200 ಕಂಪನಿಗಳು ಓಡಿಬಂದವು. ಡಿಸ್ಕ್ ತುಂಬಿದಾಗ ಯಾರು ಬಂದು ಏನು ಮಾಡಬೇಕು? ಎಲ್ಲರ ಬಳಿಯೂ ಭಾಗಗಳಿದ್ದವು, ಕೈಗಳಿದ್ದವು. ಯಾವ ಭಾಗ ಎಷ್ಟು, ಎಲ್ಲಿಗೆ ಎಂದು ಹೇಳುವ ಬಾಯಿ ಒಂದೇ ಇತ್ತು, ಅದು ಮುಚ್ಚಿತ್ತು.

ಟೊಯೊಟಾದವರಿಗೆ ಒಂದು ಶಹಭಾಸ್ ಕೊಡಲೇಬೇಕು. 2011ರ ಭೂಕಂಪದ ಪೆಟ್ಟು ತಿಂದ ಮೇಲೆ ಅವರು ತಮಗೆ ಭಾಗ ಪೂರೈಸುವವರ, ಅವರಿಗೆ ಪೂರೈಸುವವರ, ಆಚೆಯವರ ವಿವರಗಳನ್ನೆಲ್ಲ ಒಂದು ದತ್ತಾಂಶ ಕೋಶದಲ್ಲಿ ಕೂಡಿಹಾಕಿದರು. ನೋಡಿದರೆ ಸೆಮಿಕಂಡಕ್ಟರ್ ಚಿಪ್ಪಿನಂಥ ವಸ್ತು ತಪ್ಪಿದರೆ ಮತ್ತೆ ಸಿಗಲು ತಿಂಗಳುಗಳೇ ಬೇಕು. ಆಗ ದಾಸ್ತಾನು ವಿರೋಧಿ ಮಠದ ಆ ಪೀಠಾಧಿಪತಿಗಳೇ ಎರಡರಿಂದ ಆರು ತಿಂಗಳಿಗಾಗುವಷ್ಟು ಚಿಪ್ಪು ಇಟ್ಟುಕೊಳ್ಳಿ ಎಂದು ಪೂರೈಕೆದಾರರಿಗೆ ಹೇಳಿದರು. 2021ರಲ್ಲಿ ಚಿಪ್ಪಿಲ್ಲದೆ ಬೇರೆ ಕಾರು ಕಂಪನಿಗಳು ಒದ್ದಾಡುತ್ತಿದ್ದಾಗ ಇವರು ಮೊದಲ ಕೆಲವು ತಿಂಗಳು ಆರಾಮಾಗಿದ್ದರು. ಕಂಪ್ಯೂಟರು ತನ್ನ ಕೆಲಸ ಮಾಡಿದ್ದು ಅಲ್ಲಿ: ಎಲ್ಲಿ ಗೋದಾಮು ಬೇಕು ಎಂದು ತೋರಿಸಿತು. ಮಠದ ಭಕ್ತರಿಗೆ ಈ ಪ್ರವಚನ ತಲುಪಿದಂತಿಲ್ಲ. ಅವರು ಹಳೆಯ ಕ್ಯಾಸೆಟ್ಟನ್ನೇ ಹಾಕಿಕೊಂಡು ಕೇಳುತ್ತಿದ್ದಾರೆ.

ಇನ್ನು ಹಡಗಿನವರ ಕಥೆ. ಡೆನ್ಮಾರ್ಕಿನ ಮರ್ಸ್ಕ್ ಕಂಪನಿ 2017ರಲ್ಲಿ ಲೋಕದ ಕಂಟೇನರುಗಳಲ್ಲಿ ಹತ್ತಿರ ಹತ್ತಿರ ಐದರಲ್ಲೊಂದನ್ನು ಸಾಗಿಸುತ್ತಿದ್ದ ದೈತ್ಯ. ಆ ವರ್ಷದ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವೈರಸ್ಸು ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಬೆನ್ನೇರಿ ಒಳಗೆ ಬಂತು. ಬಾಗುವ, ಬಳುಕುವ, ಎಲ್ಲವನ್ನೂ ಎಲ್ಲಕ್ಕೂ ಜೋಡಿಸಿದ ಜಾಲವಲ್ಲವೇ, ಒಂದು ಊರಿನ ನೆಗಡಿ ನಿಮಿಷಗಳಲ್ಲಿ ಭೂಮಂಡಲಕ್ಕೆ ಹರಡಿತು. ರಾಟರ್‌ಡ್ಯಾಮಿನಿಂದ ಮುಂಬೈ ಪಕ್ಕದ ಜೆಎನ್‌ಪಿಟಿವರೆಗೆ ಅವರ ಟರ್ಮಿನಲ್ಲುಗಳ ಗೇಟಿನಲ್ಲಿ ಲಾರಿಗಳು ಸಾಲು ನಿಂತವು. ಯಾವ ಪೆಟ್ಟಿಗೆಯಲ್ಲಿ ಏನಿದೆ, ಎಲ್ಲಿಗೆ ಹೋಗಬೇಕು, ಯಾವುದು ಕೊಳೆಯುವ ಹಣ್ಣು, ಯಾವುದು ಔಷಧಿ? ಹಡಗು ಹಡಗಾಗಿಯೇ ಇತ್ತು, ಸಮುದ್ರದಲ್ಲಿ ನೀರೂ ಇತ್ತು. ಪೆಟ್ಟಿಗೆಗಳಿಗೆ ಮಾತ್ರ ತಮ್ಮ ಹೆಸರು ಮರೆತುಹೋಗಿತ್ತು.

ಇಡೀ ಜಾಲವನ್ನು ಮತ್ತೆ ಎಬ್ಬಿಸಲು, ಅದರಲ್ಲಿ ಯಾರು ಯಾರಿದ್ದಾರೆ, ಯಾರಿಗೆ ಏನು ಅಧಿಕಾರ ಎಂಬ ಮೂಲ ದಾಖಲೆಯ ಒಂದು ಪ್ರತಿ ಬೇಕಿತ್ತು. ಲೋಕದ ಬೇರೆ ಬೇರೆ ಕಡೆ ನೂರಕ್ಕೂ ಹೆಚ್ಚು ಸರ್ವರುಗಳಲ್ಲಿ ಅದರ ಪ್ರತಿಗಳಿದ್ದವು. ಒಂದು ಅಳಿದರೆ ಇನ್ನೊಂದು ಇದ್ದೇ ಇರುತ್ತದೆ ಎಂಬ ಭರವಸೆ. ಒಂದಕ್ಕೊಂದು ಸದಾ ಕೈಹಿಡಿದುಕೊಂಡಿದ್ದರಿಂದ ಎಲ್ಲವೂ ಒಟ್ಟಿಗೇ ಅಳಿದವು. ಉಳಿದದ್ದು ಒಂದು, ಪಶ್ಚಿಮ ಆಫ್ರಿಕಾದ ಘಾನಾದಲ್ಲಿ. ವೈರಸ್ಸು ಬರುವ ಮುಂಚೆಯೇ ಅಲ್ಲಿ ಕರೆಂಟು ಹೋಗಿತ್ತು.

ನಮ್ಮ ಎಸ್ಕಾಂಗಳು ಈ ವಿಷಯವನ್ನು ಇನ್ನೂ ಜಾಹೀರಾತಿನಲ್ಲಿ ಬಳಸಿಕೊಂಡಿಲ್ಲ ಎಂಬುದೇ ಆಶ್ಚರ್ಯ. ಆ ಅಮೂಲ್ಯ ಪ್ರತಿಯನ್ನು ಇಂಟರ್‌ನೆಟ್‌ನಲ್ಲಿ ರಿಪೇರಿ ನಡೆಯುತ್ತಿದ್ದ ಇಂಗ್ಲೆಂಡಿಗೆ ಕಳಿಸೋಣವೆಂದರೆ ಘಾನಾದ ಸಂಪರ್ಕ ಆಮೆಯ ನಡಿಗೆಯದು. ವಿಮಾನದಲ್ಲಿ ಒಯ್ಯೋಣವೆಂದರೆ ಘಾನಾ ಕಚೇರಿಯ ಯಾರ ಬಳಿಯೂ ಬ್ರಿಟನ್ನಿನ ವೀಸಾ ಇರಲಿಲ್ಲ. ಕೊನೆಗೆ ಅಲ್ಲಿಂದ ಒಬ್ಬರು ನೈಜೀರಿಯಾಕ್ಕೆ ಹೋಗಿ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಹಾರ್ಡ್ ಡಿಸ್ಕ್ ಕೊಟ್ಟರು, ಅವರು ಅದನ್ನು ಹೊತ್ತು ಇಂಗ್ಲೆಂಡಿಗೆ ಹಾರಿದರು. ಇಪ್ಪತ್ತೊಂದನೆಯ ಶತಮಾನದ ಕ್ಲೌಡು ಕಂಕುಳಲ್ಲಿ ಹೋಯಿತು.

ಹತ್ತು ದಿನದಲ್ಲಿ 45,000 ಕಂಪ್ಯೂಟರುಗಳಿಗೂ 4,000 ಸರ್ವರುಗಳಿಗೂ ಹೊಸದಾಗಿ ಜೀವ ಕೊಟ್ಟರು. ಆ ಹತ್ತು ದಿನ ವ್ಯಾಪಾರ ಎಷ್ಟು ಬಿತ್ತು? ಇಪ್ಪತ್ತು ಶೇಕಡಾ ಅಷ್ಟೆ ಎಂದರು ಕಂಪನಿಯ ಆಗಿನ ಅಧ್ಯಕ್ಷ ಜಿಮ್ ಹಾಗೆಮನ್ ಸ್ನಾಬೆ, ದಾವೋಸಿನಲ್ಲಿ. ಉಳಿದ ಎಂಬತ್ತನ್ನು ಜನ ಕೈಯಲ್ಲೇ ನಿಭಾಯಿಸಿದರಂತೆ: ಸ್ವಂತ ಫೋನು, ವಾಟ್ಸಾಪು, ಪೆಟ್ಟಿಗೆಗೆ ಅಂಟಿಸಿದ ಕಾಗದ. ಹಾಗಾದರೆ ತಂತ್ರಾಂಶಕ್ಕೆ ಸುರಿದ ಹಣಕ್ಕೆಲ್ಲ ಸಿಕ್ಕಿದ್ದು ಕೊನೆಯ ಇಪ್ಪತ್ತೇ ಎಂದು ಕುಹಕಿಗಳು ಲೆಕ್ಕ ಹಾಕಬಹುದು. ಅದು ಸರಿಯಲ್ಲ, ಹತ್ತು ದಿನ ನಿದ್ದೆಗೆಟ್ಟು ಮಾಡಿದ್ದನ್ನು ಹತ್ತು ವರ್ಷ ಮಾಡಲಾಗದು. ಅಂದಹಾಗೆ ಈ ಸ್ನಾಬೆ ಮರ್ಸ್ಕ್‌ಗೆ ಬರುವ ಮುಂಚೆ ಯಾವ ಕಂಪನಿಯ ಮುಖ್ಯಸ್ಥರಲ್ಲೊಬ್ಬರಾಗಿದ್ದರು ಗೊತ್ತೇ? ಎಸ್‌ಎಪಿ.

ನಮ್ಮಲ್ಲಿಗೆ ಬರೋಣ. ಐವತ್ತು ಸಾವಿರ ರೂಪಾಯಿ ಮೀರಿದ ಸರಕು ಸಾಗಬೇಕಾದರೆ ಇ-ವೇ ಬಿಲ್ ಬೇಕು. ಈ ವಿದ್ಯೆಯಲ್ಲಿ ಕರ್ನಾಟಕ ದೇಶಕ್ಕೇ ಗುರು. ವ್ಯಾಟ್ ಕಾಲದಲ್ಲೇ ನಾವು ಇ-ಸುಗಮ ಎಂದು ನಾಮಕರಣ ಮಾಡಿ ತೊಟ್ಟಿಲು ತೂಗಿದ್ದೆವು. 2018ರ ಫೆಬ್ರವರಿ 1ರಂದು ದೇಶವ್ಯಾಪಿಯಾಗಿ ಶುರುವಾದ ಇ-ವೇ ಬಿಲ್ ಮೊದಲ ದಿನವೇ ಕುಸಿದು, ಏಪ್ರಿಲ್‌ಗೆ ಮುಂದೂಡಲ್ಪಟ್ಟಿತು. ಈಗ ಚೆನ್ನಾಗಿಯೇ ನಡೆಯುತ್ತಿದೆ. ಚೆಕ್‌ಪೋಸ್ಟಿನಲ್ಲಿ ರಾತ್ರಿಯಿಡೀ ಕೊಳೆಯುತ್ತಿದ್ದ ಲಾರಿಗಳು ಇಂದು ನಿಲ್ಲದೆ ಹೋಗುತ್ತವೆ. ಇದನ್ನು ಅಲ್ಲಗಳೆದರೆ ಯಾವ ಡ್ರೈವರೂ ನನ್ನನ್ನು ಹತ್ತಿಸಿಕೊಳ್ಳುವುದಿಲ್ಲ.

ಆದರೆ ಮಳೆಗಾಲ ಎಂಬುದೊಂದು ಇದೆ. ಮಂಗಳೂರಿನಿಂದ ಬೆಂಗಳೂರಿಗೆ ಲಾರಿ ಹೊರಟಿದೆ. ದಿನಕ್ಕೆ 200 ಕಿಲೋಮೀಟರ್ ಲೆಕ್ಕದಲ್ಲಿ ಬಿಲ್ಲಿಗೆ ಎರಡು ದಿನ ಆಯಸ್ಸು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆಯ ಮೇಲೆ ಮಲಗಿದೆ. ಗುಡ್ಡದ ಬಳಿ ಇ-ವೇ ಬಿಲ್ ಇಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ. ಲಾರಿಯ ಬಿಲ್ಲು ಮಾತ್ರ ಮಳೆಯಲ್ಲೇ ನಿಂತಲ್ಲೇ ಮುದಿಯಾಗುತ್ತದೆ. ಅವಧಿ ವಿಸ್ತರಿಸಲು ಬರುತ್ತದೆ, ಕಾನೂನು ಕಲ್ಲೆದೆಯದಲ್ಲ: ಮುಗಿಯುವ ಎಂಟು ಗಂಟೆ ಮುಂಚೆ, ಇಲ್ಲವೇ ಮುಗಿದ ಎಂಟು ಗಂಟೆಯೊಳಗೆ, ಪೋರ್ಟಲ್ಲಿಗೆ ಹೋಗಿ ಕಾರಣ ಬರೆಯಬೇಕು. ಘಾಟಿಯಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಡ್ರೈವರು ಮಳೆಯಲ್ಲಿ ಫರ್ಲಾಂಗು ನಡೆದು ಆಫೀಸಿಗೆ ಫೋನು ಹಚ್ಚುತ್ತಾನೆ.

“ಅಣ್ಣಾ, ಬಿಲ್ ರಾತ್ರಿ ಹನ್ನೆರಡಕ್ಕೆ ಮುಗೀತದೆ. ಎಕ್ಸ್‌ಟೆಂಡ್ ಮಾಡಿ.”

“ಮಾಡ್ತೇನೆ ಮಾರಾಯ. ಈಗ ಎಲ್ಲಿದ್ದೀ? ಪಿನ್‌ಕೋಡ್ ಹೇಳು.”

“ಗುಡ್ಡದ ಕೆಳಗೆ ಇದ್ದೇನೆ.”

“ಅದು ಹಾಕ್ಲಿಕ್ಕೆ ಬರುದಿಲ್ಲ.”

ಇವನು ನಾಳೆ ಬೆಳಗ್ಗೆ ಏನು ಮಾಡುತ್ತಾನೆ ಎಂಬುದು ಯಾವ ಪೋರ್ಟಲ್ಲಿಗೂ ಗೊತ್ತಿಲ್ಲ. ಚಾರ್ಮಾಡಿಯಲ್ಲಿ ದೊಡ್ಡ ಗಾಡಿ ಬಿಡುತ್ತಿದ್ದಾರೆಯೇ, ಸಂಪಾಜೆ ಕಡೆ ಹೇಗಿದೆ, ಯಾವ ಹೋಟೆಲ್ಲಿನ ಹಿಂದೆ ಗಾಡಿ ನಿಲ್ಲಿಸಿದರೆ ಮಾಲು ನೆನೆಯುವುದಿಲ್ಲ, ಎದುರಿನಿಂದ ಬಂದ ಡ್ರೈವರ್ ತೋರಿಸಿದ ಕೈಸನ್ನೆಯ ಅರ್ಥವೇನು, ಎಲ್ಲ ಅವನಿಗೆ ಗೊತ್ತು. ಮಾಲು ಬೆಂಗಳೂರು ಮುಟ್ಟುತ್ತದೆ. ಅಲ್ಲಿಯ ಹವಾನಿಯಂತ್ರಿತ ಕೋಣೆಯ ಗೋಡೆಯ ಮೇಲಿನ ಪರದೆಯಲ್ಲಿ ಹಸಿರು ಚುಕ್ಕೆಯೊಂದು ಮಿನುಗುತ್ತದೆ. ಅದನ್ನು ನೋಡಿ ಯಾರೋ ಯಾರಿಗೋ, ನಮ್ಮ ಕಂಟ್ರೋಲ್ ಟವರ್ ಎಷ್ಟು ಫ್ಲೆಕ್ಸಿಬಲ್ ನೋಡಿ ಎನ್ನುತ್ತಾರೆ.

ಈಗ ಕಂಟ್ರೋಲ್ ಟವರ್ ಕೂಡ ಹಳತಾಯಿತು. ಡಿಜಿಟಲ್ ಟ್ವಿನ್, ಎಐ ಏಜೆಂಟ್ ಎಂದು ಹೊಸ ಬಾಣಗಳಿರುವ ಸ್ಲೈಡು ಬಂದಿದೆ. ಇಷ್ಟೆಲ್ಲ ನೋಡಿದ ಮೇಲೆ ನಾನೂ ಒಂದು ಉತ್ಪನ್ನ ಮಾರುಕಟ್ಟೆಗೆ ತರುವ ಯೋಚನೆ ಮಾಡಿದ್ದೇನೆ. ಹೆಸರು: ಆಫ್‌ಲೈನ್ ಕಾಗ್ನಿಟಿವ್ ಬಫರ್, ಸಂಕ್ಷಿಪ್ತವಾಗಿ ಓಸಿಬಿ. ಕರೆಂಟು ಬೇಡ. ವೈರಸ್ಸು ತಗಲಿದರೆ ಮೂರು ದಿನ ಕಷಾಯ ಕುಡಿದು ತಾನಾಗಿ ರೀಸ್ಟಾರ್ಟ್ ಆಗುತ್ತದೆ. ಸಾಮಾನು ಯಾವ ಕೋಣೆಯ ಯಾವ ಮೂಲೆಯಲ್ಲಿದೆ ಎಂಬುದನ್ನು ಎಂಟ್ರಿ ಆಗದಿದ್ದರೂ ಹೇಳುತ್ತದೆ. ಹನ್ನೆರಡರ ಬದಲು ಹದಿಮೂರು ಬಂದರೆ ಒಂದನ್ನು ಪಕ್ಕಕ್ಕಿಟ್ಟು ಹನ್ನೆರಡನ್ನು ಮಾರುತ್ತದೆ. ಮಾಲು ಕಡಿಮೆ ಬಿದ್ದರೆ ಪಕ್ಕದ ಬೀದಿಯ ಇನ್ನೊಂದು ಓಸಿಬಿಗೆ ಫೋನು ಮಾಡಿ, ಅದರ ಮಗಳ ಮದುವೆ ಎಲ್ಲಿಗೆ ಬಂತು ಎಂದು ವಿಚಾರಿಸಿ, ಸಂಜೆಯೊಳಗೆ ಎರಡು ಪೆಟ್ಟಿಗೆ ತರಿಸುತ್ತದೆ. ಆರ್ಡರಿನಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದಿದ್ದರೆ ಲಾರಿ ಲೋಡಾಗುವ ಮುಂಚೆ, “ಇದೇನ್ರೀ ಇಷ್ಟೊಂದು?” ಎಂಬ ಅಲರ್ಟ್ ಕೊಡುತ್ತದೆ.

ಮೊನ್ನೆ ಕನಸಿನಲ್ಲಿ ದೊಡ್ಡ ಕಂಪನಿಯೊಂದರ ಹಣಕಾಸು ಮುಖ್ಯಸ್ಥರ ಎದುರು ಈ ಸ್ಲೈಡುಗಳನ್ನು ತೋರಿಸುತ್ತಿದ್ದೆ. ಸಾಹೇಬರು ಕುರ್ಚಿಯ ತುದಿಗೆ ಬಂದು ಕೂತಿದ್ದರು.

“ಫೆಂಟಾಸ್ಟಿಕ್ ರೀ! ಇಂಪ್ಲಿಮೆಂಟೇಶನ್‌ಗೆ ಎಷ್ಟು ತಿಂಗಳು ಬೇಕು?”

“ಸೋಮವಾರ ಬೆಳಗ್ಗೆ ಬರುತ್ತೆ ಸಾರ್. ಒಂದು ಕಾಫಿ ಕುಡಿದ ತಕ್ಷಣ ಗೋ-ಲೈವ್.”

“ಲೈಸೆನ್ಸ್ ಫೀ?”

“ತಿಂಗಳಿಗೆ ಇಪ್ಪತ್ತೆಂಟು ಸಾವಿರ. ಪಿಎಫ್ ಬೇರೆ.”

ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಪಿಎಫ್ಫಾ? ಅಂದ್ರೆ ಇದು ಮನುಷ್ಯನಾ? ಹೋದ ವರ್ಷ ತಾನೇ ಇಂಥ ನಲವತ್ತು ಜನಕ್ಕೆ ವಿಆರ್‌ಎಸ್ ಕೊಟ್ಟು ಕಳಿಸಿದೀವಿ, ಹೆಡ್‌ಕೌಂಟ್ ಫ್ರೀಜ್ ಆಗಿದೆ. ಇದನ್ನೇ ಯಾರಾದ್ರೂ ಸಾಫ್ಟ್‌ವೇರ್ ಮಾಡಿ ಕೊಡೋದಿದ್ರೆ ಹೇಳಿ, ನಾಲ್ಕು ಕೋಟಿ ಸ್ಯಾಂಕ್ಷನ್ ಇದೆ.”